ಬೀಗದ ಕೈ ಯಾರ ಹತ್ತಿರ ಇದೆ?

ಹೋದ ವರ್ಷ ಜುಲೈ ತಿಂಗಳ ಒಂದು ಶನಿವಾರ. ಹಾಸನದಿಂದ ಸಕಲೇಶಪುರದ ಕಡೆ ಹೋಗುವ ದಾರಿಯಲ್ಲಿರುವ ಒಂದು ಹೈಸ್ಕೂಲು. ಬೆಳಗ್ಗೆಯಿಂದ ಜಡಿಮಳೆ. ಮಕ್ಕಳ ಜೊತೆ ಒಂದೆರಡು ಗಂಟೆ ಎಲೆಕ್ಟ್ರಾನಿಕ್ಸ್ ಆಡೋಣ ಅಂತ ಹೋಗಿದ್ದೆ. ಶಾಲೆಯಲ್ಲಿ ಲ್ಯಾಬ್ ಇದೆ, ಕಿಟ್ಟುಗಳೂ ಇವೆ ಅಂತ ಫೋನಿನಲ್ಲಿ ಹೇಳಿದ್ದರು. ಇತ್ತು ಕೂಡ. ಆದರೆ ಬೀಗ ಹಾಕಿತ್ತು. ಬೀಗದ ಕೈ ಇಟ್ಟುಕೊಂಡಿದ್ದ ಮೇಷ್ಟ್ರು ಮೀಟಿಂಗಿಗೆ ಅಂತ ತಾಲ್ಲೂಕಿಗೆ ಹೋಗಿದ್ದರು.

ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಕಿಟಕಿ ಗಾಜಿಗೆ ಮೂಗು ಒತ್ತಿಕೊಂಡು, ಹಳೇಬೀಡಿನ ಗೈಡುಗಳ ಹಾಗೆ ಒಂದೊಂದನ್ನೇ ತೋರಿಸಿದಳು. ‘ಅದು ತ್ರೀಡಿ ಪ್ರಿಂಟರ್ ಸಾರ್. ಅದು ರೋಬೋ. ಆ ನೀಲಿ ಡಬ್ಬದಲ್ಲಿ ಸೆನ್ಸರ್ ಇದಾವೆ.’

‘ಮುಟ್ಟಿದೀಯಾ?’

‘ಇಲ್ಲ ಸಾರ್. ಉದ್ಘಾಟನೆ ದಿನ ನೋಡಿದೀವಿ.’

ಹಾಸನದಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ಮೋಟರ್ ಪ್ಯಾನಲ್, ಸ್ಟಾರ್ಟರ್ ರಿಪೇರಿ ಮಾಡುತ್ತೇನೆ. ಡಿಪ್ಲೊಮಾ ಮಾಡಿ, ಲ್ಯಾಟರಲ್ ಎಂಟ್ರಿಯಲ್ಲಿ, ಅಂದರೆ ನೇರವಾಗಿ ಎರಡನೇ ವರ್ಷಕ್ಕೆ ಸೇರಿ, ಎಂಜಿನಿಯರಿಂಗ್ ಮುಗಿಸಿದವನು. ಬಿಡುವಿದ್ದ ಶನಿವಾರ ಶಾಲೆಗಳಿಗೆ ಹೋಗುತ್ತೇನೆ. ಆವತ್ತು ಜಗಲಿಯ ಮೇಲೆ ಕೂತು, ನನ್ನ ಬ್ಯಾಗಿನಲ್ಲಿದ್ದ ಒಂದೇ ಬೋರ್ಡು (ಕೋಡು ಓಡಿಸುವ ಪುಟ್ಟ ಕಂಪ್ಯೂಟರು ಅನ್ನಿ), ಒಂದೇ ಸೆನ್ಸರ್ ಇಟ್ಟುಕೊಂಡು ಕೆಲಸ ಮಾಡಿದೆವು. ನಮ್ಮ ಬೆನ್ನ ಹಿಂದಿನ ಗೋಡೆಯಾಚೆ ಲಕ್ಷಾಂತರ ರೂಪಾಯಿಯ ಸಾಮಾನು ಬೆಚ್ಚಗೆ ಕೂತಿತ್ತು.

ಇದು ಆ ಒಂದು ಶಾಲೆಯ ಕಥೆಯಾಗಿದ್ದರೆ ಬರೆಯುತ್ತಿರಲಿಲ್ಲ.

ಹೈಸ್ಕೂಲು ಮಕ್ಕಳಿಗೆ ತಂತ್ರಜ್ಞಾನದ ರುಚಿ ಹತ್ತಿಸಬೇಕು ಅಂತ ಈಗ ಎಲ್ಲ ಕಡೆ ಮಾತು. ಕೇಂದ್ರದ ನೀತಿ ಆಯೋಗ 2016ರಲ್ಲಿ ಅಟಲ್ ಇನ್ನೋವೇಶನ್ ಮಿಷನ್ ಶುರು ಮಾಡಿತು. ಅದರ ಕೆಳಗೆ 6ರಿಂದ 12ನೇ ತರಗತಿ ಮಕ್ಕಳಿಗಾಗಿ ಅಟಲ್ ಟಿಂಕರಿಂಗ್ ಲ್ಯಾಬ್‌ಗಳು ಬಂದವು. ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿ ಅನುದಾನ. ಅದರಲ್ಲಿ 10 ಲಕ್ಷ ಲ್ಯಾಬ್ ಕಟ್ಟಿಕೊಳ್ಳಲು, ಉಳಿದ 10 ಲಕ್ಷ ಐದು ವರ್ಷದವರೆಗೆ ನಡೆಸಲು. ದೇಶದಲ್ಲಿ ಇಂಥ ಲ್ಯಾಬ್‌ಗಳು 10,000 ಆದವು. 2025ರ ಕೇಂದ್ರ ಬಜೆಟ್ಟಿನಲ್ಲಿ, ಮುಂದಿನ ಐದು ವರ್ಷದಲ್ಲಿ ಸರ್ಕಾರಿ ಶಾಲೆಗಳಲ್ಲೇ ಇನ್ನೂ 50,000 ಮಾಡುತ್ತೇವೆ ಎಂದು ಹೇಳಿದರು. ಅಂದರೆ ನಮ್ಮ ಜಿಲ್ಲೆಯ ಸುಮಾರು ಶಾಲೆಗಳಲ್ಲಿ ಇನ್ನು ಕೆಲವೇ ವರ್ಷದಲ್ಲಿ ರಿಬ್ಬನ್ ಕತ್ತರಿಸುವ ಕಾರ್ಯಕ್ರಮ ಇರುತ್ತದೆ. ಅದಾದ ಮೇಲೆ ಬೀಗದ ಕೈ ಯಾರ ಹತ್ತಿರ ಇರುತ್ತದೆ ಅನ್ನುವುದೇ ನನ್ನ ತಲೆಬಿಸಿ.

ಲ್ಯಾಬ್ ಒಂದೇ ಅಲ್ಲ, ಬೇರೆಯೂ ಇವೆ. ಇನ್‌ಸ್ಪೈರ್ ಮಾನಕ್ ಅಂತ ಒಂದಿದೆ. ಮಗು ಒಂದು ಐಡಿಯಾ ಬರೆದು ಕಳಿಸಿ ಅದು ಆಯ್ಕೆಯಾದರೆ, ಮಾದರಿ ಮಾಡಲು 10,000 ರೂಪಾಯಿ ಬರುತ್ತದೆ. ಮಕ್ಕಳ ವಿಜ್ಞಾನ ಸಮಾವೇಶ 1993ರಿಂದ ಇದೆ. ಅದರಲ್ಲಿ ಮಕ್ಕಳು ತಮ್ಮ ಊರಿನದೇ ಒಂದು ಸಮಸ್ಯೆ ಹಿಡಿದು ಅಧ್ಯಯನ ಮಾಡಬೇಕು. ನನ್ನ ಕೇಳಿದರೆ ಇಷ್ಟರಲ್ಲಿ ಅತಿ ಒಳ್ಳೆಯ ಕಲ್ಪನೆ ಅದೇ. ಅದಕ್ಕೆ ಸಿಗುವ ಪ್ರಚಾರವೇ ಕಮ್ಮಿ. ಇಸ್ರೋದ ‘ಯುವಿಕಾ’ 2019ರಲ್ಲಿ ಶುರುವಾಯಿತು. ಒಂಬತ್ತನೇ ತರಗತಿ ಮಕ್ಕಳಿಗೆ ಎರಡು ವಾರದ ಶಿಬಿರ. ಹೋಗಿ ಬರುವ ಖರ್ಚು, ಊಟ, ವಸತಿ ಎಲ್ಲ ಇಸ್ರೋದ್ದೇ. ಹಳ್ಳಿ ಶಾಲೆ ಮಕ್ಕಳಿಗೆ ಆಯ್ಕೆಯಲ್ಲಿ ಹೆಚ್ಚು ಅಂಕ. ಒಳ್ಳೆಯದೇ. ಆದರೆ ಇಡೀ ದೇಶದಿಂದ ತೆಗೆದುಕೊಳ್ಳುವುದು ಕೆಲವು ನೂರು ಮಕ್ಕಳನ್ನು. ನಮ್ಮ ತಾಲ್ಲೂಕಿಗೆ ಒಂದು ಸೀಟು ಸಿಕ್ಕರೆ ಪೇಪರಿನಲ್ಲಿ ಫೋಟೋ ಬರುತ್ತದೆ.

ಇನ್ನು ಪೇಟೆಯಲ್ಲಿ ದುಡ್ಡು ಕೊಟ್ಟು ಸೇರುವಂಥವು. ‘ಐಐಟಿ ಫೌಂಡೇಶನ್’ ಅಂತ ಬೋರ್ಡು ಹಾಕಿರುತ್ತಾರಲ್ಲ, ಅದನ್ನು ಅಪ್ಪ-ಅಮ್ಮಂದಿರು ಎಂಜಿನಿಯರಿಂಗಿಗೆ ತಯಾರಿ ಅಂದುಕೊಂಡಿದ್ದಾರೆ. ಅದು ಪರೀಕ್ಷೆಗೆ ತಯಾರಿ, ಎಂಜಿನಿಯರಿಂಗಿಗೆ ಅಲ್ಲ. ನಾಲ್ಕು ಉತ್ತರದಲ್ಲಿ ಒಂದಕ್ಕೆ ಟಿಕ್ ಹಾಕುವುದನ್ನು ಎಂಟನೇ ಕ್ಲಾಸಿನಿಂದಲೇ ಅಭ್ಯಾಸ ಮಾಡಿಸುವುದು. ಅದು ತಪ್ಪು ಅನ್ನುತ್ತಿಲ್ಲ. ಆದರೆ ಸ್ಕ್ರೂ ಡ್ರೈವರ್ ಹಿಡಿಯದ ಮಗುವಿಗೆ ತನಗೆ ಈ ಕೆಲಸ ಇಷ್ಟವೋ ಇಲ್ಲವೋ ಅಂತ ಗೊತ್ತಾಗುವುದು ಹೇಗೆ? ರೋಬೋಟಿಕ್ಸ್ ಕ್ಲಾಸುಗಳ ಕಥೆ ಬೇರೆ. ಅಲ್ಲಿ ಕಿಟ್ಟು ಕೈಗೆ ಸಿಗುತ್ತದೆ. ಪುಸ್ತಕದ ಪ್ರಕಾರ ಜೋಡಿಸಿದರೆ ಕಾರು ಓಡುತ್ತದೆ. ಓಡಿದ ಕೂಡಲೇ ವಿಡಿಯೋ, ಸರ್ಟಿಫಿಕೇಟು. ಯಾಕೆ ಓಡಿತು ಅಂತ ಕೇಳಲು ಪುರುಸೊತ್ತಿಲ್ಲ, ಮುಂದಿನ ಬ್ಯಾಚು ಬಾಗಿಲಲ್ಲಿ ನಿಂತಿರುತ್ತದೆ.

ಹಾಗಾದರೆ ನಿಜವಾಗಿ ರುಚಿ ಹತ್ತುವುದು ಯಾವಾಗ? ಆ ಜಗಲಿಯ ಮೇಲೆ ನಡೆದದ್ದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನನ್ನ ಹತ್ತಿರ ಇದ್ದದ್ದು ಅಲ್ಟ್ರಾಸಾನಿಕ್ ಸೆನ್ಸರ್. ಎರಡು ಕಣ್ಣಿನ ಗೂಬೆ ಮುಖದ ಹಾಗಿರುತ್ತದೆ. ಬೆಲೆ ನೂರು ರೂಪಾಯಿ ಆಸುಪಾಸು. ಒಂದು ಕಣ್ಣು ಶಬ್ದ ಬಿಡುತ್ತದೆ, ಇನ್ನೊಂದು ಅದು ವಾಪಸ್ ಬರುವುದನ್ನು ಕೇಳಿಸಿಕೊಳ್ಳುತ್ತದೆ. ಆ ಶಬ್ದ ಸೆಕೆಂಡಿಗೆ 40,000 ಸಲ ಕಂಪಿಸುತ್ತದೆ. ನಮ್ಮ ಕಿವಿಗೆ 20,000ದ ಮೇಲೆ ಏನೂ ಕೇಳುವುದಿಲ್ಲ. ಇದೆಲ್ಲ ಒಂಬತ್ತನೇ ತರಗತಿಯ ಶಬ್ದದ ಪಾಠದಲ್ಲೇ ಇದೆ. ಪ್ರತಿಧ್ವನಿ ಕೇಳಬೇಕಾದರೆ ಗೋಡೆ ಕನಿಷ್ಠ 17.2 ಮೀಟರ್ ದೂರ ಇರಬೇಕು ಅಂತ ಆ ಮಕ್ಕಳು ಒಂದೇ ಉಸಿರಿಗೆ ಹೇಳಿದರು. ಎರಡು ಅಂಕದ ಪ್ರಶ್ನೆ ಅದು.

ಸೆನ್ಸರನ್ನು ಕಂಬದ ಕಡೆ ತಿರುಗಿಸಿದೆ. ಲ್ಯಾಪ್‌ಟಾಪಿನಲ್ಲಿ ದೂರ ಸೆಂಟಿಮೀಟರಿನಲ್ಲಿ ಬಂತು. ಮಕ್ಕಳಿಗೆ ಖುಷಿ. ಒಬ್ಬ ಛತ್ರಿ ತಂದ, ಇನ್ನೊಬ್ಬ ತಲೆ ಕೊಟ್ಟ. ಇಲ್ಲಿಗೆ ನಿಲ್ಲಿಸಿದ್ದರೆ ಅದು ಬರೀ ಜಾತ್ರೆ ಆಟ. ಅಷ್ಟರಲ್ಲಿ ಕಿಟಕಿಯ ಹುಡುಗಿ ಕೋಡಿನ ಒಂದು ಸಾಲಿಗೆ ಬೆರಳಿಟ್ಟಳು. ಅಲ್ಲಿ, ಶಬ್ದ ಹೋಗಿ ಬಂದ ಸಮಯವನ್ನು 58ರಿಂದ ಭಾಗಿಸು ಅಂತ ಇತ್ತು. ‘ಈ 58 ಎಲ್ಲಿಂದ ಬಂತು ಸಾರ್?’

ಯೂಟ್ಯೂಬಿನ ಯಾವ ವಿಡಿಯೋ ನೋಡಿದರೂ ಆ 58 ಇರುತ್ತದೆ. ಯಾರೂ ಯಾಕೆ ಅಂತ ಹೇಳುವುದಿಲ್ಲ, ಸುಮ್ನೆ ಕಾಪಿ ಮಾಡುತ್ತಾರೆ. ನಾನು ಉತ್ತರ ಹೇಳಲಿಲ್ಲ. ಪಾಠದಲ್ಲಿ ಶಬ್ದದ ವೇಗ ಎಷ್ಟಿದೆ ಅಂದೆ. 22 ಡಿಗ್ರಿಯಲ್ಲಿ ಸೆಕೆಂಡಿಗೆ 344 ಮೀಟರ್. ಅಂದರೆ 34,400 ಸೆಂಟಿಮೀಟರ್. ಒಂದು ಸೆಂಟಿಮೀಟರ್ ದೂರದ ಗೋಡೆಗೆ ಶಬ್ದ ಹೋಗಿ ಬರಬೇಕು, ಒಟ್ಟು ಎರಡು ಸೆಂಟಿಮೀಟರ್. ಎರಡನ್ನು 34,400ರಿಂದ ಭಾಗಿಸಿ. ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಸೊನ್ನೆಗಳ ಜೊತೆ ಒದ್ದಾಡಿದರು. ದಶಮಾಂಶ ಎರಡು ಸಲ ತಪ್ಪಿತು. ಕೊನೆಗೆ ಬಂತು, 0.000058 ಸೆಕೆಂಡು. ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗವನ್ನು ಮೈಕ್ರೋಸೆಕೆಂಡು ಅಂತ ಲೆಕ್ಕ ಹಾಕಿದರೆ, 58.

ಆ ಹುಡುಗಿಯ ಮುಖ ನೋಡಬೇಕಿತ್ತು. ಯಾರೋ ಬರೆದ ಕೋಡಿನೊಳಗೆ ತನ್ನ ಪಾಠದ ಪುಸ್ತಕ ಸಿಕ್ಕಿತ್ತು.

ಅಲ್ಲಿಗೂ ನಿಲ್ಲಲಿಲ್ಲ. ಹುಡುಗನೊಬ್ಬ ಕೇಳಿದ: ‘22 ಡಿಗ್ರಿ ಇಲ್ಲದಿದ್ರೆ?’ ಸರಿಯಾದ ಪ್ರಶ್ನೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಶಬ್ದದ ವೇಗ ಸೆಕೆಂಡಿಗೆ ಸುಮಾರು 0.6 ಮೀಟರ್ ಜಾಸ್ತಿಯಾಗುತ್ತದೆ. ಡಿಸೆಂಬರ್ ಬೆಳಗ್ಗೆ 15 ಡಿಗ್ರಿ ಚಳಿಯಲ್ಲಿ, ಎರಡು ಮೀಟರ್ ದೂರದ ಗೋಡೆಯನ್ನು ಈ ಸೆನ್ಸರ್ 202-203 ಸೆಂಟಿಮೀಟರ್ ಅನ್ನುತ್ತದೆ. 30 ಡಿಗ್ರಿಯ ಮಧ್ಯಾಹ್ನ ಅದೇ ಗೋಡೆ 197-198 ಆಗುತ್ತದೆ. ಗೋಡೆ ಎಲ್ಲೂ ಹೋಗಿರುವುದಿಲ್ಲ. ಅಳತೆ ಅಂದರೆ ಏನು, ತಪ್ಪು ಎಲ್ಲಿಂದ ನುಗ್ಗುತ್ತದೆ, ಅದನ್ನು ಹೇಗೆ ಸರಿ ಮಾಡುತ್ತಾರೆ ಅನ್ನುವುದು ಇಲ್ಲಿಂದ ಶುರುವಾಗುತ್ತದೆ. ಎಂಜಿನಿಯರಿಂಗ್ ಅಂದರೆ ಬಹುಪಾಲು ಇದೇ. ಕಾಲೇಜಿನಲ್ಲಿ ನನಗೆ ಇದು ಅರ್ಥವಾಗಿದ್ದು ಕೊನೇ ವರ್ಷದಲ್ಲಿ.

ಇನ್ನೊಂದು ಮಾತು. ಹಾಸನದ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆ. 1982ರಿಂದ ಇದೆ. ಅದೇ ವರ್ಷ ಏಪ್ರಿಲ್‌ನಲ್ಲಿ ಹಾರಿದ ಇನ್ಸಾಟ್-1ಎ ಉಪಗ್ರಹದ ಕಾಲದಿಂದ, ನಮ್ಮ ಟಿವಿ, ಹವಾಮಾನದ ಉಪಗ್ರಹಗಳನ್ನು ಅಲ್ಲಿಂದ ನೋಡಿಕೊಳ್ಳುತ್ತಾರೆ. ಆ ಬಿಳಿ ಡಿಶ್‌ಗಳನ್ನು ಬಸ್ಸಿನ ಕಿಟಕಿಯಿಂದ ನೋಡದ ಮಕ್ಕಳು ಈ ಕಡೆ ಕಮ್ಮಿ. ಒಳಗೆ ಏನು ಮಾಡುತ್ತಾರೆ ಅಂತ ಕೇಳಿದರೆ ‘ರಾಕೆಟ್ ಬಿಡ್ತಾರೆ’ ಅನ್ನುತ್ತಾರೆ. ದೊಡ್ಡವರೂ ಅದನ್ನೇ ಅನ್ನುತ್ತಾರೆ ಬಿಡಿ.

ಅಲ್ಲಿ ಮಾಡುವ ಕೆಲಸಗಳಲ್ಲಿ ಒಂದು, ಉಪಗ್ರಹ ಎಷ್ಟು ದೂರದಲ್ಲಿದೆ ಅಂತ ಅಳೆಯುವುದು. ಹೇಗೆ ಅಳೆಯುತ್ತಾರೆ? ನೆಲದಿಂದ ರೇಡಿಯೋ ಸಿಗ್ನಲ್ ಕಳಿಸುತ್ತಾರೆ. ಉಪಗ್ರಹ ಅದನ್ನು ಹಿಂದಕ್ಕೆ ಕಳಿಸುತ್ತದೆ. ಹೋಗಿ ಬರಲು ಹಿಡಿದ ಸಮಯ ನೋಡಿ ದೂರ ಲೆಕ್ಕ ಹಾಕುತ್ತಾರೆ. ಸುಮಾರು 36,000 ಕಿಲೋಮೀಟರ್ ಮೇಲೆ, ಹೋಗಿ ಬರಲು 72,000. ಬೆಳಕಿನ ವೇಗ ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್. ಅಂದರೆ 0.24 ಸೆಕೆಂಡು. ನೂರು ರೂಪಾಯಿಯ ಗೂಬೆಕಣ್ಣೂ ಸಾಲಗಾಮೆ ರಸ್ತೆಯ ಡಿಶ್ಶೂ ಮಾಡುವ ಲೆಕ್ಕ ಒಂದೇ. ಜಗಲಿಯಲ್ಲಿ ಇದನ್ನು ಹೇಳಿದಾಗ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಮಳೆ ಸದ್ದು ಅಷ್ಟೇ.

ಇಷ್ಟಕ್ಕೆ ಹಿಡಿದದ್ದು ಎರಡೂವರೆ ಗಂಟೆ. ಸಾಮಾನಿನ ಖರ್ಚು ಸಾವಿರ ರೂಪಾಯಿ ಒಳಗೆ. ತ್ರೀಡಿ ಪ್ರಿಂಟರ್ ಬೇಕಾಗಲಿಲ್ಲ. ಹಾಗಂತ ದೊಡ್ಡ ಲ್ಯಾಬ್ ಬೇಡವೇ ಬೇಡ ಅನ್ನುವವನಲ್ಲ ನಾನು. ಇದ್ದರೆ ಚೆಂದ. ಕಂಪ್ಯೂಟರ್ರೇ ಇಲ್ಲದ ಶಾಲೆಗಳು ಬೇಕಾದಷ್ಟಿವೆ. ಯುಡೈಸ್ ಪ್ಲಸ್ ಅನ್ನುವ, ಕೇಂದ್ರ ಶಿಕ್ಷಣ ಇಲಾಖೆಯ ಶಾಲಾ ಅಂಕಿಅಂಶದ ಲೆಕ್ಕದ ಪ್ರಕಾರ 2023-24ರಲ್ಲಿ ದೇಶದ ಶಾಲೆಗಳ ಪೈಕಿ ಕಂಪ್ಯೂಟರ್ ಇದ್ದದ್ದು ಶೇ 57.2ರಲ್ಲಿ, ಇಂಟರ್ನೆಟ್ ಶೇ 53.9ರಲ್ಲಿ. ಇಲ್ಲದವರಿಗೆ ಮೊದಲು ಕೊಡಬೇಕು. ನನ್ನ ತಕರಾರು ಇಷ್ಟೇ. ಕೊಟ್ಟ ಮೇಲೆ ನಾವು ಎಣಿಸುವುದು ಸಾಮಾನನ್ನು. ಮಕ್ಕಳ ಕೈ ಅದರ ಮೇಲೆ ಎಷ್ಟು ಗಂಟೆ ಇತ್ತು ಅಂತ ಎಣಿಸುವವರಿಲ್ಲ.

ಬೀಗ ಯಾಕೆ ಬೀಳುತ್ತದೆ ಅಂತ ನೋಡಿ. ಹೆಡ್‌ಮಾಸ್ಟರು ಕೆಟ್ಟವರಲ್ಲ. ಅವರ ಟೇಬಲ್ ಮೇಲೆ ಸ್ಟಾಕ್ ರಿಜಿಸ್ಟರ್ ಇದೆ. ಬೋರ್ಡು ಇಷ್ಟು, ಸೆನ್ಸರ್ ಇಷ್ಟು, ಮೋಟರ್ ಇಷ್ಟು ಅಂತ ಬರೆದು ಸಹಿ ಹಾಕಿದ್ದಾರೆ. ನಾಳೆ ಆಡಿಟ್ ಬಂದರೆ ಅಷ್ಟೂ ಇರಬೇಕು. ಒಂದು ಬೋರ್ಡು ಸುಟ್ಟರೆ ಯಾರು ಉತ್ತರ ಕೊಡುವುದು? ಮುಂದಿನ ತಿಂಗಳು ಟ್ರಾನ್ಸ್‌ಫರ್ ಆದರೆ ಚಾರ್ಜ್ ಕೊಡುವಾಗ ಲೆಕ್ಕ ಸರಿಹೋಗಬೇಕು. ಹಾಗಾಗಿ ಅವರಿಗಿರುವ ಅತಿ ಸುರಕ್ಷಿತ ದಾರಿ ಬೀಗ. ವ್ಯವಸ್ಥೆ ಅವರನ್ನು ಕೇಳುವುದು ‘ಸಾಮಾನು ಇದೆಯಾ?’ ಅಂತ. ಇದೆ ಅಂತ ಅವರು ತೋರಿಸುತ್ತಾರೆ. ಪ್ರಶ್ನೆಗೆ ತಕ್ಕ ಉತ್ತರ.

ಆದರೆ ಎಲೆಕ್ಟ್ರಾನಿಕ್ಸ್ ಕಲಿಯುವುದೇ ಸುಡುವುದರಿಂದ. 5 ವೋಲ್ಟಿಗೆ ಕೆಂಪು ಎಲ್‌ಇಡಿಯನ್ನು ನೇರವಾಗಿ ಕೊಟ್ಟರೆ ಒಂದು ಕ್ಷಣ ಜೋರಾಗಿ ಉರಿದು ಸತ್ತುಹೋಗುತ್ತದೆ. ನಡುವೆ 220 ಓಮಿನ ರೋಧಕ ಹಾಕಿದರೆ ವರ್ಷಗಟ್ಟಲೆ ಉರಿಯುತ್ತದೆ. ಎಲ್‌ಇಡಿ ತನಗೆ ಸುಮಾರು 2 ವೋಲ್ಟ್ ಇಟ್ಟುಕೊಳ್ಳುತ್ತದೆ, ಉಳಿದ 3ನ್ನು 220ರಿಂದ ಭಾಗಿಸಿದರೆ 13-14 ಮಿಲಿಆಂಪಿಯರ್. ಅದಕ್ಕೆ ಸಾಕು. ಓಮನ ನಿಯಮವನ್ನು ಹತ್ತನೇ ಕ್ಲಾಸಿನಲ್ಲಿ ಎಲ್ಲರೂ ಬಾಯಿಪಾಠ ಮಾಡುತ್ತಾರೆ. ಆದರೆ ಎರಡು ರೂಪಾಯಿಯ ಎಲ್‌ಇಡಿ ಕೈಯಲ್ಲೇ ಸುಟ್ಟು ವಾಸನೆ ಬಂದಾಗ ಅದು ಮರೆಯುವುದಿಲ್ಲ. ಆ ಎರಡು ರೂಪಾಯಿ ಖರ್ಚು ಮಾಡಲು ನಮ್ಮ ಶಾಲೆಗಳಿಗೆ ಧೈರ್ಯ ಇಲ್ಲ. ಹತ್ತು ಲಕ್ಷದ ಲ್ಯಾಬಿಗೆ ಬೀಗ ಹಾಕಲು ಇದೆ.

ಇನ್ನು ಮೇಷ್ಟ್ರ ವಿಷಯ. ಹೈಸ್ಕೂಲಿನಲ್ಲಿ ಲ್ಯಾಬಿನ ಜವಾಬ್ದಾರಿ ಬೀಳುವುದು ಸಾಮಾನ್ಯವಾಗಿ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಟೀಚರ್ ತಲೆ ಮೇಲೆ. ಅವರೇ ಮೂರೂ ತರಗತಿಗೆ ಗಣಿತ, ಅವರೇ ಭೌತಶಾಸ್ತ್ರ. ಜೊತೆಗೆ ಕಂಪ್ಯೂಟರ್ ಗೊತ್ತು ಅನ್ನುವ ಪಾಪಕ್ಕೆ ಆನ್‌ಲೈನ್ ಎಂಟ್ರಿಗಳೆಲ್ಲ ಅವರದ್ದೇ. ಚುನಾವಣೆ ಬಂದರೆ ಡ್ಯೂಟಿ. 2025ರ ದಸರಾ ರಜೆಯಲ್ಲಿ ರಾಜ್ಯದ ಸಮೀಕ್ಷೆಗೆ ಮನೆಮನೆ ಸುತ್ತಿದವರೂ ಮೇಷ್ಟ್ರುಗಳೇ. ಇಂಥವರಿಗೆ ಎರಡು ದಿನದ ತರಬೇತಿ ಕೊಟ್ಟು ‘ನಾವೀನ್ಯ ಬೆಳೆಸಿ’ ಅಂದರೆ ಅವರು ಏನು ಮಾಡಿಯಾರು? ವಸ್ತುಪ್ರದರ್ಶನದ ಹಿಂದಿನ ದಿನ ಬೀಗ ತೆಗೆಯುತ್ತಾರೆ.

ಅದಕ್ಕೇ ಯಾವ ವಸ್ತುಪ್ರದರ್ಶನಕ್ಕೆ ಹೋದರೂ ಅವೇ ನಾಲ್ಕು. ಕೈ ಚಾಚಿದರೆ ಮುಚ್ಚಳ ತೆಗೆಯುವ ಕಸದ ಬುಟ್ಟಿ, ಕುರುಡರ ಕೋಲು, ಮಳೆ ಬಂದರೆ ಬಟ್ಟೆ ಒಳಗೆ ಎಳೆಯುವ ಹಗ್ಗ, ಲೈನ್ ಮೇಲೆ ಓಡುವ ಕಾರು. ಕಸದ ಬುಟ್ಟಿಯನ್ನಂತೂ ನಾನು ಲೆಕ್ಕ ಇಡುವುದನ್ನೇ ಬಿಟ್ಟಿದ್ದೇನೆ. ಮಕ್ಕಳ ತಪ್ಪಲ್ಲ. ಕಿಟ್ಟಿನ ಜೊತೆ ಬರುವ ಪುಸ್ತಕದಲ್ಲಿ ಇರುವುದೇ ಅವು, ಒಂದೇ ರಾತ್ರಿಯಲ್ಲಿ ಆಗುವುದೂ ಅವೇ.

ಅದೇ ಮಕ್ಕಳ ಮನೆಯಲ್ಲಿ ಏನಿದೆ ನೋಡಿ. ಅರಕಲಗೂಡು, ಹೊಳೆನರಸೀಪುರದ ಕಡೆ ತೋಟದಲ್ಲಿ ಮೊಬೈಲ್ ಸ್ಟಾರ್ಟರ್ ಇದೆ. ರೈತ ಮನೆಯಲ್ಲಿ ಕೂತು ಮೋಟರಿಗೆ ಫೋನ್ ಮಾಡುತ್ತಾನೆ, ಅದು ಆನ್ ಆಗುತ್ತದೆ. ಬೋರಿನಲ್ಲಿ ನೀರು ನಿಂತರೆ ತಾನೇ ಆಫ್ ಆಗುತ್ತದೆ. ಪ್ಯಾನಲ್ಲಿಗೆ ನೀರಿಲ್ಲ ಅಂತ ಹೇಗೆ ಗೊತ್ತಾಗುತ್ತದೆ ಅಂತ ಒಂದು ಕ್ಲಾಸಿನಲ್ಲಿ ಕೇಳಿದೆ. ಹಿಂದಿನ ಬೆಂಚಿನ ಹುಡುಗ, ಮಾರ್ಕ್ಸಿನಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದವನು, ಎದ್ದು ನಿಂತ. ‘ನೀರಿಲ್ಲ ಅಂದ್ರೆ ಮೋಟರಿಗೆ ಭಾರ ಇರಲ್ಲ ಸಾರ್. ಕರೆಂಟ್ ಕಮ್ಮಿ ಎಳೆಯುತ್ತೆ. ಅದನ್ನ ನೋಡಿ ಕಟ್ ಮಾಡುತ್ತೆ.’ ಪಕ್ಕಾ ಉತ್ತರ. ಅವರಪ್ಪನ ಜೊತೆ ಪ್ಯಾನಲ್ ಬಿಚ್ಚಿದ್ದನಂತೆ. ಸಕಲೇಶಪುರ, ಆಲೂರು ಕಡೆ ಹೋದರೆ ಆನೆ ಬೇಲಿಯ ಝಟ್ಕಾ ಮಷಿನ್ ಇದೆ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಇದೆ, ಒಣಗಿದ ಬೀಜದ ತೇವ ನೋಡುವ ಮೀಟರ್ ಇದೆ. ಗೊರೂರು ಡ್ಯಾಮಿನ ನೀರಿನ ಮಟ್ಟ ಮಳೆಗಾಲದಲ್ಲಿ ದಿನಾ ಪೇಪರಿನಲ್ಲಿ ಬರುತ್ತದೆ, ಗರಿಷ್ಠ 2,922 ಅಡಿ. ಅದನ್ನು ಹೇಗೆ ಅಳೆಯುತ್ತಾರೆ ಅಂತ ಒಂದು ಶಾಲೆಯಾದರೂ ಪ್ರಾಜೆಕ್ಟ್ ಮಾಡಿದ್ದು ನಾನು ನೋಡಿಲ್ಲ. ಗೂಬೆಕಣ್ಣಿನ ಸೆನ್ಸರನ್ನು ಶಾಲೆಯ ನೀರಿನ ತೊಟ್ಟಿಯ ಮೇಲೆ ಕವುಚಿ ಹಾಕಿದರೆ ಅದರ ಚಿಕ್ಕ ಮಾದರಿ ಸಿದ್ಧ.

ಭಾಷೆಯದ್ದೂ ಒಂದು ತೊಡಕಿದೆ, ಆದರೆ ಜನ ಹೇಳುವಷ್ಟು ದೊಡ್ಡದಲ್ಲ. ಕನ್ನಡ ಮೀಡಿಯಂ ಮಗುವಿಗೆ ಪುಸ್ತಕದಲ್ಲಿ ‘ವಿಭವಾಂತರ’, ಕಿಟ್ಟಿನ ಮೇಲೆ ‘ವೋಲ್ಟೇಜ್’, ಮನೆಯಲ್ಲಿ ಎಲ್ಲದಕ್ಕೂ ‘ಕರೆಂಟು’. ಯಾವುದಕ್ಕೆ ಎಲ್ಲಿ ಯಾವ ಹೆಸರು ಅಂತ ಒಂದು ಸಲ ಗೋಡೆ ಮೇಲೆ ಪಟ್ಟಿ ಬರೆದು ಹಾಕಿದರೆ ಮುಗಿಯಿತು. ಕೋಡಿನ ‘ಇಫ್’, ‘ಎಲ್ಸ್’ ಅವರಿಗೆ ಹತ್ತು ನಿಮಿಷದ ಕೆಲಸ. ಮಳೆ ಬಂದರೆ ರಜೆ, ಇಲ್ಲದಿದ್ದರೆ ಕ್ಲಾಸು. ಮಲೆನಾಡಿನ ಮಗುವಿಗೆ ಇದನ್ನು ಹೇಳಿಕೊಡಬೇಕಾ?

ಇದಕ್ಕಿಂತ ದೊಡ್ಡ ತೊಡಕು ಬಸ್ಸು. ಶಾಲೆ ಬಿಡುವುದು ಸಂಜೆ ನಾಲ್ಕೂವರೆ ಹೊತ್ತಿಗೆ. ಎಷ್ಟೋ ಊರಿಗೆ ಅದಾದ ಮೇಲೆ ಇರುವುದು ಒಂದೇ ಬಸ್ಸು. ಅದು ತಪ್ಪಿದರೆ ತೋಟದ ನಡುವೆ ನಡೆಯಬೇಕು. ಆನೆ ಓಡಾಡುವ ಕಡೆ ಕತ್ತಲಾದ ಮೇಲೆ ಯಾವ ತಾಯಿಯೂ ಮಗಳನ್ನು ನಡೆಸುವುದಿಲ್ಲ. ‘ಶಾಲೆ ಬಿಟ್ಟ ಮೇಲೆ ಕ್ಲಬ್ ನಡೆಸಿ’ ಅಂತ ಯೋಜನೆಗಳ ಪುಸ್ತಕದಲ್ಲಿ ಬರೆದವರು ಆ ಬಸ್ಸಿಗೆ ಕಾದವರಲ್ಲ. ನಾನು ನೋಡಿದ ಹಾಗೆ, ಸಂಜೆ ಇಟ್ಟ ಕ್ಲಾಸಿನಲ್ಲಿ ಮೊದಲು ಕಾಣೆಯಾಗುವವರು ಹುಡುಗಿಯರು. ಅದೇ ಶನಿವಾರ ಮಧ್ಯಾಹ್ನ ಇಟ್ಟರೆ ಹುಡುಗಿಯರೇ ಜಾಸ್ತಿ ಬರುತ್ತಾರೆ. ತಿಂಗಳಿಗೊಂದು ಬ್ಯಾಗಿಲ್ಲದ ‘ಸಂಭ್ರಮ ಶನಿವಾರ’ವೂ ನಮ್ಮ ರಾಜ್ಯದಲ್ಲಿದೆ. ಆ ದಿನ ಲ್ಯಾಬ್ ಬೀಗ ತೆಗೆಯಲು ಯಾರ ಅಪ್ಪಣೆಯೂ ಬೇಡ.

ವರ್ಷವನ್ನೂ ಸರಿಯಾಗಿ ಆರಿಸಬೇಕು. ನಮ್ಮಲ್ಲಿ ಹೈಸ್ಕೂಲು ಅಂದರೆ ಎಂಟು, ಒಂಬತ್ತು, ಹತ್ತು. ಎಂಟನೇ ಕ್ಲಾಸು ಹೊಸ ಶಾಲೆಗೆ ಒಗ್ಗಿಕೊಳ್ಳುವುದರಲ್ಲಿ ಹೋಗುತ್ತದೆ. ಹತ್ತನೇ ಕ್ಲಾಸಿಗೆ ಕಾಲಿಟ್ಟರೆ ಎಸ್ಸೆಸ್ಸೆಲ್ಸಿ, ಉಸಿರಾಡಲು ಬಿಡುವುದಿಲ್ಲ. ಉಳಿದದ್ದು ಒಂಬತ್ತು. ಅದರಲ್ಲೂ ಜೂನ್‌ನಿಂದ ಡಿಸೆಂಬರ್. ಮಳೆ ರಜೆ, ದಸರಾ ರಜೆ ಕಳೆದರೆ ಸಿಗುವ ಶನಿವಾರಗಳನ್ನು ಬೆರಳಲ್ಲಿ ಎಣಿಸಬಹುದು. ಎಲ್ಲ ಮಕ್ಕಳಿಗೆ ಎಲ್ಲ ವರ್ಷ ಅಂತ ಹರಡಿ ತೆಳುವಾಗಿಸುವ ಬದಲು, ಒಂಬತ್ತನೇ ಕ್ಲಾಸಿಗೆ ಹದಿನೈದು ಶನಿವಾರ ಗಟ್ಟಿಯಾಗಿ ಕೊಟ್ಟರೆ ಸಾಕು ಅನ್ನುವುದು ನನ್ನ ಲೆಕ್ಕ.

‘ಮೊದಲು ರಿಸಲ್ಟ್ ಬರಲಿ ಸಾರ್’ ಅನ್ನುತ್ತಾರೆ. ರಿಸಲ್ಟಿನ ವಿಷಯದಲ್ಲಿ ಈ ಜಿಲ್ಲೆಗೆ ಯಾರೂ ಪಾಠ ಹೇಳಬೇಕಾಗಿಲ್ಲ. 2019ರ ಎಸ್ಸೆಸ್ಸೆಲ್ಸಿಯಲ್ಲಿ ಹಾಸನ ಶೇ 89.33 ಪಡೆದು ಇಡೀ ರಾಜ್ಯಕ್ಕೆ ಮೊದಲು ಬಂತು. ಅಲ್ಲಿಯವರೆಗೆ ಹಾಸನ ಅಂದರೆ ಪೇಪರಿನವರು ರಾಜಕೀಯ ಮಾತ್ರ ಬರೆಯುತ್ತಿದ್ದರು. ಆ ರಿಸಲ್ಟಿನ ಹಿಂದೆ ಮೇಷ್ಟ್ರುಗಳ ವಿಶೇಷ ತರಗತಿಗಳಿದ್ದವು. ಆಗಿದ್ದು ಯಾಕೆ ಅಂದರೆ ಮೇಲಿನವರು ಪ್ರತಿ ಶಾಲೆಗೆ ಅದನ್ನೇ ಕೇಳುತ್ತಿದ್ದರು. ಲ್ಯಾಬ್ ಎಷ್ಟು ಗಂಟೆ ತೆರೆದಿತ್ತು ಅಂತಲೂ ಅದೇ ದನಿಯಲ್ಲಿ ಒಂದು ವರ್ಷ ಕೇಳಿ ನೋಡಲಿ.

ಯಾರು ಕಲಿಸಬೇಕು ಅನ್ನುವ ಪ್ರಶ್ನೆ ಉಳಿಯುತ್ತದೆ. ಅಮೆರಿಕದಲ್ಲಿ ಡೀನ್ ಕೇಮನ್ ಅನ್ನುವ ಎಂಜಿನಿಯರ್ 1989ರಲ್ಲಿ ‘ಫಸ್ಟ್’ ಅಂತ ಸಂಸ್ಥೆ ಕಟ್ಟಿದರು. ಹೈಸ್ಕೂಲು ಮಕ್ಕಳು ಕೆಲವೇ ವಾರದಲ್ಲಿ ದೊಡ್ಡ ರೋಬೋ ಕಟ್ಟಿ ಸ್ಪರ್ಧೆಗೆ ತರುವ ಕಾರ್ಯಕ್ರಮ ಅದು. ಇಲ್ಲಿನವರು ಅದನ್ನು ನೋಡಿ ರೋಬೋ ಮಾತ್ರ ನಕಲು ಮಾಡಿದರು. ಅದರ ಬೆನ್ನೆಲುಬು ರೋಬೋ ಅಲ್ಲ. ಕೆಲಸದಲ್ಲಿರುವ ಎಂಜಿನಿಯರುಗಳು ಮಕ್ಕಳ ಪಕ್ಕ ಕೂತು ಸಂಜೆ ಕಳೆಯುವುದು. ಅಲ್ಲಿನ ಎಂಐಟಿ ವಿಶ್ವವಿದ್ಯಾಲಯವೂ 1970ರ ದಶಕದಿಂದ, ಅವಕಾಶ ಕಮ್ಮಿ ಇರುವ ಹೈಸ್ಕೂಲು ಮಕ್ಕಳನ್ನು ಬೇಸಿಗೆಯಲ್ಲಿ ಕರೆಸಿ ಪುಕ್ಕಟೆ ಕಲಿಸುತ್ತಿದೆ. ಅಲ್ಲೂ ಮಕ್ಕಳಿಗೆ ಮುಖ್ಯವಾಗಿ ಸಿಗುವುದು ದೊಡ್ಡವರ ಸಮಯ.

ಹಾಸನದಲ್ಲಿ ಅಂಥವರು ಇಲ್ಲವೇ? ಮಲೆನಾಡ್ ಎಂಜಿನಿಯರಿಂಗ್ ಕಾಲೇಜು 1960ರಿಂದ ಇದೆ. ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ, ಪಾಲಿಟೆಕ್ನಿಕ್ ಇದೆ, ಇನ್ನೂ ಒಂದೆರಡು ಖಾಸಗಿ ಕಾಲೇಜುಗಳಿವೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳು ಎಐಸಿಟಿಇ (ದೇಶದ ತಾಂತ್ರಿಕ ಶಿಕ್ಷಣ ಮಂಡಳಿ) ನಿಯಮದಂತೆ ಡಿಗ್ರಿ ಮುಗಿಯುವುದರೊಳಗೆ, ಪಾಠದ ಹೊರಗಿನ ಕೆಲಸ ಮಾಡಿ 100 ಆಕ್ಟಿವಿಟಿ ಪಾಯಿಂಟ್ ಸಂಪಾದಿಸಬೇಕು. ಮಾಡಬಹುದಾದ ಕೆಲಸಗಳ ಪಟ್ಟಿಯಲ್ಲಿ ಊರಿನ ಶಾಲೆಗಳಿಗೆ ನೆರವಾಗುವುದೂ ಸೇರಿದೆ. ಅಂದರೆ ನಿಯಮ ಆಗಲೇ ಇದೆ, ಹುಡುಗರೂ ಇದ್ದಾರೆ, ಆ ಕಡೆ ಬೀಗ ಹಾಕಿದ ಲ್ಯಾಬುಗಳೂ ಇವೆ. ನಡುವೆ ಇರುವುದು ಅರ್ಧ ಗಂಟೆಯ ಬಸ್ಸಿನ ದಾರಿ.

ಈಗ ನಡೆಯುತ್ತಿರುವುದು ಏನು? ಒಂದು ತಂಡ ಬರುವುದನ್ನು ನಾನೇ ನೋಡಿದ್ದೇನೆ, ಯಾವ ಕಾಲೇಜು ಅನ್ನುವುದು ಬೇಡ. ಬ್ಯಾನರ್ ಹಿಡಿದು ಬಂದರು. ಒಂದು ಗಂಟೆ ಪವರ್‌ಪಾಯಿಂಟ್ ತೋರಿಸಿದರು. ಮಕ್ಕಳ ಜೊತೆ ಫೋಟೋ ತೆಗೆದುಕೊಂಡು ಹೋದರು. ಪಾಯಿಂಟ್ ಬಂತು. ಮತ್ತೆ ಅದೇ ಕಥೆ, ಎಣಿಸುವುದು ಫೋಟೋವನ್ನು. ಅದೇ ಹುಡುಗರಲ್ಲಿ ಇಬ್ಬರನ್ನು ಒಂದೇ ಶಾಲೆಗೆ ಹದಿನೈದು ಶನಿವಾರ ಕಳಿಸಿ, ಸಹಿ ಹಾಕುವುದು ಹೆಡ್‌ಮಾಸ್ಟರು ಅಂತ ಮಾಡಿದರೆ ಎಲ್ಲ ಬದಲಾಗುತ್ತದೆ. ಆ ಹುಡುಗರೂ ಕಲಿಯುತ್ತಾರೆ. 58 ಎಲ್ಲಿಂದ ಬಂತು ಅಂತ ಹೇಳಲು ಮೂರನೇ ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿ ತಡವರಿಸಿದ್ದನ್ನೂ ನಾನು ನೋಡಿದ್ದೇನೆ.

ಇದರಿಂದ ಎಲ್ಲರೂ ಎಂಜಿನಿಯರ್ ಆಗಲಿ ಅಂತಲ್ಲ. ಆ ಮೋಟರ್ ಹುಡುಗನಿಗೆ ಎಸ್ಸೆಸ್ಸೆಲ್ಸಿ ಆದ ಮೇಲೆ ಸೈನ್ಸ್ ಪಿಯು ಸೇರಿ ಎರಡು ವರ್ಷ ಸಿಇಟಿಗೆ ಬಡಿದಾಡುವುದಕ್ಕಿಂತ ಡಿಪ್ಲೊಮಾ ಒಳ್ಳೆಯದಿರಬಹುದು. ಮೂರು ವರ್ಷ ಮುಗಿಸಿ ಡಿಸಿಇಟಿ (ಡಿಪ್ಲೊಮಾದವರ ಪ್ರವೇಶ ಪರೀಕ್ಷೆ) ಬರೆದರೆ ಎಂಜಿನಿಯರಿಂಗಿನ ಎರಡನೇ ವರ್ಷಕ್ಕೇ ಸೇರಬಹುದು. ನಾನು ಬಂದ ದಾರಿ ಅದು. ಇನ್ನೊಬ್ಬಳಿಗೆ ಸೋಲ್ಡರಿಂಗ್ ಕಂಡರೇ ಬೇಜಾರು ಅಂತ ಒಂಬತ್ತರಲ್ಲೇ ಗೊತ್ತಾದರೆ ಅದೂ ಲಾಭವೇ. ಅವರಪ್ಪನಿಗೆ ಫೌಂಡೇಶನ್ ಫೀಸು ಉಳಿಯಿತು.

ಚನ್ನರಾಯಪಟ್ಟಣದ ಕಡೆ ಒಂದು ಶಾಲೆಯಲ್ಲಿ ಮಾತ್ರ ಬೇರೆ ಥರ ನೋಡಿದೆ. ಅಲ್ಲಿ ಬೀಗದ ಕೈ ಸ್ಟಾಫ್ ರೂಮಿನ ಬಾಗಿಲ ಪಕ್ಕ ಮೊಳೆಗೆ ನೇತುಹಾಕಿರುತ್ತದೆ. ಯಾವ ಮಗು ಬೇಕಾದರೂ ಕೇಳಿ ತೆಗೆದುಕೊಳ್ಳಬಹುದು. ಸ್ಟಾಕ್ ರಿಜಿಸ್ಟರ್ ಪಕ್ಕ ಹೆಡ್‌ಮಾಸ್ಟರು ಒಂದು ಮಾಮೂಲಿ ನೂರು ಪೇಜಿನ ನೋಟ್‌ಬುಕ್ ಇಟ್ಟಿದ್ದಾರೆ. ಸ್ಕೇಲಿನಲ್ಲಿ ಗೆರೆ ಎಳೆದು ಮೂರು ಕಾಲಂ ಮಾಡಿದ್ದಾರೆ: ಏನು ಹಾಳಾಯಿತು, ಯಾರ ಕೈಯಲ್ಲಿ, ಯಾಕೆ. ತುಂಬುವವರು ಮಕ್ಕಳೇ. ‘ಆಡಿಟ್‌ನವರು ಕೇಳಿದ್ರೆ ಇದನ್ನೇ ಕೊಡ್ತೀನಿ, ಓದ್ಕೊಳ್ಳಲಿ’ ಅಂದರು.

ನಾನೂ ಓದಿದೆ. ‘ಎಲ್‌ಇಡಿ. ರೋಧಕ ಹಾಕಲು ಮರೆತದ್ದು’ ಅಂತ ಮೊದಲ ಪುಟಗಳಲ್ಲಿ ತುಂಬ ಕಡೆ ಇತ್ತು. ಆಮೇಲೆ ಕಮ್ಮಿಯಾಗಿತ್ತು. ‘ಸೆನ್ಸರ್. ಪ್ಲಸ್ ಮೈನಸ್ ಉಲ್ಟಾ.’ ಕೊನೆಯ ಪುಟದಲ್ಲಿ ದುಂಡು ಅಕ್ಷರದಲ್ಲಿ ಹೀಗಿತ್ತು: ‘ಸರ್ವೋ ಮೋಟರ್. ಕೈಯಲ್ಲಿ ಜೋರಾಗಿ ತಿರುಗಿಸಿದ್ದಕ್ಕೆ ಹಲ್ಲು ಮುರಿಯಿತು. ಸಾರಿ ಸಾರ್.’ ಅದರ ಕೆಳಗೆ ಬೇರೆ ಯಾರದೋ ಕೈಬರಹ: ‘ಒಳಗೆ ಪ್ಲಾಸ್ಟಿಕ್ ಗೇರ್ ಇದೆ. ಬಿಚ್ಚಿ ಕಿಟಕಿ ಹತ್ತಿರ ಇಟ್ಟಿದ್ದೇನೆ, ಎಲ್ಲರೂ ನೋಡಿ.’